ಅಣ್ಣಿಗೇರಿ ಹತ್ತಿರದ ನಾಲ್ಕು ಖಾಲಿ ಸಾಲು

ಗದಗ ಕಡೆಯಿಂದ ಒಂದು ರಾತ್ರಿ ಹುಬ್ಬಳ್ಳಿಗೆ ತಂದ ರೋಗಿಯ ಹಾಳೆ ನನ್ನ ಮುಂದಿದೆ. ಆಂಬುಲೆನ್ಸಿನವರು ಇದಕ್ಕೆ ಪಿಸಿಆರ್, ಅಂದರೆ ಪೇಷಂಟ್ ಕೇರ್ ರಿಪೋರ್ಟ್, ಅಂತೀವಿ. ರೋಗಿಯನ್ನು ಹತ್ತಿಸಿಕೊಂಡಾಗಿನಿಂದ ಇಳಿಸುವವರೆಗೆ ಬಿಪಿ ಎಷ್ಟಿತ್ತು, ಸ್ಯಾಚುರೇಷನ್ (ರಕ್ತದಲ್ಲಿ ಆಕ್ಸಿಜನ್ ನೂರಕ್ಕೆ ಎಷ್ಟು ಅನ್ನೋ ಅಂಕಿ) ಎಷ್ಟಿತ್ತು, ಯಾವ ಔಷಧಿ ಎಷ್ಟು ಹೊತ್ತಿಗೆ ಕೊಟ್ಟೆವು ಅಂತ ಬರೆಯುವ ಎರಡು ಪುಟದ ಕಾಗದ. ಹೊರಟಾಗ ಸ್ಯಾಚುರೇಷನ್ 97. ಹತ್ತು ನಿಮಿಷದ ಮೇಲೂ 97. ಹುಬ್ಬಳ್ಳಿಯಲ್ಲಿ ಇಳಿಸುವಾಗ 96. ನಡುವೆ ನಾಲ್ಕು ಸಾಲು ಖಾಲಿ. ಹತ್ತು ನಿಮಿಷಕ್ಕೊಂದು ಸಾಲು ತುಂಬಬೇಕು ಅನ್ನೋದು ನಮ್ಮ ನಿಯಮ, ಅಂದರೆ ನಲವತ್ತು ನಿಮಿಷಕ್ಕೂ ಜಾಸ್ತಿ ಹೊತ್ತು ಯಾರೂ ಏನೂ ಬರೆದಿಲ್ಲ.

ಆ ಹಾಳೆ ಬರೆದವನು ನಾನೇ.

ರೋಗಿಯ ಬಗ್ಗೆ ಜಾಸ್ತಿ ಹೇಳಲ್ಲ. ಊರು, ದಿನ, ವಯಸ್ಸು ಇಲ್ಲಿ ಇರಲ್ಲ, ಒಂದೆರಡು ವಿವರ ಬದಲಿಸಿಯೂ ಇದ್ದೇನೆ. ಯಾಕೆ ಇಷ್ಟು ಜಾಗ್ರತೆ ಅನ್ನೋದು ಮುಂದೆ ಬರುತ್ತೆ. ಹೊಲಕ್ಕೆ ಹೊಡೆಯುವ ಕ್ರಿಮಿನಾಶಕ ಹೊಟ್ಟೆಗೆ ಹೋಗಿತ್ತು, ಇಷ್ಟು ಸಾಕು. ಈ ಜಾತಿಯ ವಿಷದಲ್ಲಿ ಶ್ವಾಸಕೋಶದೊಳಗೆ ನೀರು ಒಸರುತ್ತಲೇ ಇರುತ್ತೆ. ಇದಕ್ಕೆ ಕೊಡುವ ಔಷಧಿ ಅಟ್ರೋಪಿನ್ ಸಾಕಷ್ಟು ಹತ್ತುವವರೆಗೂ, ಉಸಿರಾಟಕ್ಕೆ ಗಂಟಲೊಳಗೆ ಹಾಕಿದ ಟ್ಯೂಬಿನೊಳಗಿಂದ ನೊರೆ ಬರೋದು ನಿಲ್ಲಲ್ಲ, ಸಕ್ಷನ್ ಯಂತ್ರ ಹಾಕಿ ಎಳೀತಾನೇ ಇರಬೇಕು. ಕಳಿಸಿದ ಆಸ್ಪತ್ರೆಯವರು ಟ್ಯೂಬ್ ಹಾಕಿ, ಅಟ್ರೋಪಿನ್ ಶುರು ಮಾಡಿ ಕೊಟ್ಟಿದ್ದರು. ಹಿಂದೆ ನಾನು ಮತ್ತು ಒಬ್ಬ ಹೊಸ ಹುಡುಗ, ಮುಂದೆ ಡ್ರೈವರ್ ಕಾಕಾ.

ಹುಲಕೋಟಿ ದಾಟುವವರೆಗೆ ಎಲ್ಲ ಸರಿ ಇತ್ತು. ಅಣ್ಣಿಗೇರಿ ಹತ್ತಿರ ಬರುತ್ತಲೇ ವೆಂಟಿಲೇಟರ್ ಅಲಾರಂ ಹೊಡೆದುಕೊಳ್ಳೋಕೆ ಶುರುವಾಯ್ತು, ಸ್ಯಾಚುರೇಷನ್ ಇಳೀತಾ ಹೋಯ್ತು. ವೆಂಟಿಲೇಟರ್ ಬಿಚ್ಚಿ, ಒತ್ತಿ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್ ಕೈಗೆ ತಗೊಂಡೆ, ಹುಡುಗ ಸಕ್ಷನ್ ಹಿಡಿದ, ಓಡುವ ಗಾಡಿಯಲ್ಲಿ ಅವನಿಗೆ ಆಗಲಿಲ್ಲ, ಕಾಕಾ ರಸ್ತೆ ಪಕ್ಕಕ್ಕೆ ನಿಲ್ಲಿಸಿದರು. "ಅಣ್ಣಿಗೇರಿ ದವಾಖಾನಿಗೆ ಹೊಡೀಲೇನು, ಇಲ್ಲಾ ಹುಬ್ಬಳ್ಳಿಗೇ ಬಿಡ್ಲಿ?" ಅಂದರು. ಒಂದು ನಿಮಿಷ ತಡೀರಿ ಅಂದೆ. ಏರಿತು, ಮತ್ತೆ ಇಳೀತು, ಮತ್ತೆ ಎಳೆದೆವು. ನಲವಡಿ ದಾಟಿದ ಮೇಲೆ ಹಿಡಿತಕ್ಕೆ ಬಂತು. ಹುಬ್ಬಳ್ಳಿಯಲ್ಲಿ ಒಪ್ಪಿಸಿ, ಕೈ ತೊಳೆದು, ಚಹಾ ಕುಡಿದು, ಆಮೇಲೆ ಹಾಳೆ ಮುಂದೆ ಕೂತೆ. ನೆನಪಿದ್ದದ್ದು ಒಂದೇ ಅಂಕಿ: ಮಾನಿಟರಿನಲ್ಲಿ ಒಮ್ಮೆ 71 ನೋಡಿದ್ದೆ. ಯಾವ ಹೊತ್ತಿಗೆ ಅಂತ ದೇವರಾಣೆ ಗೊತ್ತಿಲ್ಲ. ಸುಳ್ಳು ಬರೆಯೋದಕ್ಕಿಂತ ಖಾಲಿ ಬಿಡೋಣ ಅಂತ ಬಿಟ್ಟೆ. ಪ್ರಾಮಾಣಿಕ ಕೆಲಸ ಮಾಡಿದೆ ಅಂತ ಸಮಾಧಾನವೂ ಆಗಿತ್ತು.

ಒಂದು ಮಾತು ಸ್ಪಷ್ಟ ಇರಲಿ, ನಮ್ಮದು 108 ಗಾಡಿ ಅಲ್ಲ. ಅದು 2008ರ ನವೆಂಬರ್ 1ರಂದು ರಾಜ್ಯದಲ್ಲಿ ಶುರುವಾದ ಸರ್ಕಾರದ ಆರೋಗ್ಯ ಕವಚ. ನಮ್ಮದು ಒಂದು ಆಸ್ಪತ್ರೆಯ ಐಸಿಯು ಗಾಡಿ. ಗದಗ, ರೋಣ, ಹಾವೇರಿ, ರಾಣೆಬೆನ್ನೂರು ಕಡೆ ಒಂದು ಆಸ್ಪತ್ರೆಯಿಂದ ಎತ್ತಿಕೊಂಡು ಇನ್ನೊಂದಕ್ಕೆ ತಲುಪಿಸುವ ಕೆಲಸ. ರೋಗಿ ಆಗಲೇ ಟ್ಯೂಬಿನಲ್ಲೋ, ಔಷಧಿಯನ್ನು ನಿಧಾನಕ್ಕೆ ಒಳಗೆ ಬಿಡುವ ಸಿರಿಂಜ್ ಪಂಪಿನಲ್ಲೋ ಇರುತ್ತಾನೆ.

ಕೆಲವು ತಿಂಗಳ ನಂತರ ಮೆಡಿಕಲ್ ಕಾಲೇಜಿನ ಸಮುದಾಯ ವೈದ್ಯಕೀಯ ವಿಭಾಗದ ಒಬ್ಬ ಮೇಡಂ ನಮ್ಮ ಹಳೆಯ ಹಾಳೆಗಳನ್ನೆಲ್ಲ ತೆಗೆದು ಅಧ್ಯಯನ ಮಾಡೋಣ ಅಂದರು. ಪ್ರಶ್ನೆ ಸರಳ: ಟ್ಯೂಬ್ ಹಾಕಿದ ರೋಗಿಗಳಲ್ಲಿ ದಾರಿ ಮಧ್ಯೆ ಎಷ್ಟು ಜನರ ಸ್ಯಾಚುರೇಷನ್ 90ಕ್ಕಿಂತ ಕೆಳಗೆ ಇಳಿಯುತ್ತೆ? ಗಾಡಿಯಲ್ಲಿ ಇರುವವರಲ್ಲಿ ಓದು ಬರಹದ ಹುಚ್ಚು ಇದ್ದದ್ದು ನನಗೊಬ್ಬನಿಗೇ, ಹಾಗಾಗಿ ನನ್ನನ್ನೂ ಸೇರಿಸಿಕೊಂಡರು. ಇಬ್ಬರು ಇಂಟರ್ನ್ ಹುಡುಗರು ಹಾಳೆಗಳನ್ನು ಎಕ್ಸೆಲ್‌ಗೆ ಹಾಕಿದರು. ಮೂರಕ್ಕಿಂತ ಜಾಸ್ತಿ ಸಾಲು ಖಾಲಿ ಇದ್ದರೆ "ಅಪೂರ್ಣ" ಅಂತ ಪಕ್ಕಕ್ಕಿಟ್ಟರು. ಇದು ಅವರ ತಪ್ಪಲ್ಲ, ಎಲ್ಲರೂ ಹಾಗೇ ಮಾಡ್ತಾರೆ.

ಮೊದಲ ಫಲಿತಾಂಶ ಬಂದಾಗ ನಮ್ಮ ಗಾಡಿ ಬಂಗಾರ. 90ಕ್ಕಿಂತ ಕೆಳಗೆ ಇಳಿದವರು ಬೆರಳೆಣಿಕೆ. ಆಫೀಸಿನಲ್ಲಿ ಧಾರವಾಡ ಪೇಡೆ ತರಿಸೋದೊಂದು ಬಾಕಿ. ನನಗೆ ಮಾತ್ರ ಒಳಗೊಳಗೆ ಕಸಿವಿಸಿ. ಪಟ್ಟಿಯಲ್ಲಿ ಆ ಅಣ್ಣಿಗೇರಿ ರಾತ್ರಿಯ ಹಾಳೆ ಹುಡುಕಿದೆ, ಸಿಗಲಿಲ್ಲ. ಕೇಳಿದರೆ ಇಂಟರ್ನ್ ಹುಡುಗ, "ಅದು ಅಪೂರ್ಣ ಇತ್ರೀ ಸರ, ತೆಗದೇವಿ" ಅಂದ.

ನನ್ನ ಕೆಲಸದಲ್ಲಿ ನಾನು ಕಂಡ ಅತಿ ಕೆಟ್ಟ ರಾತ್ರಿಗಳಲ್ಲಿ ಒಂದು, ಅದೇ ಲೆಕ್ಕಕ್ಕೆ ಇಲ್ಲ.

ರೋಗಿ ಚೆನ್ನಾಗಿದ್ದರೆ ನಮಗೆ ಕೈ ಖಾಲಿ, ಹಾಳೆ ತುಂಬುತ್ತೆ. ರೋಗಿ ಕೈ ಬಿಟ್ಟು ಹೋಗೋ ಹಾಗಿದ್ದರೆ ಕೈ ತುಂಬಾ ಕೆಲಸ, ಹಾಳೆ ಖಾಲಿ. ಹಾಗಾದರೆ ಅಪೂರ್ಣ ಹಾಳೆಗಳನ್ನು ತೆಗೆದರೆ ಏನಾಗುತ್ತೆ? ನಾವು ಯಾರ ಬಗ್ಗೆ ತಿಳಿಯೋಕೆ ಹೊರಟಿದ್ದೆವೋ ಅವರನ್ನೇ ಮೊದಲು ಹೊರಗೆ ಹಾಕಿದ ಹಾಗೆ. ಮೇಡಂಗೆ ಫೋನಿನಲ್ಲೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಒಂದು ಲೆಕ್ಕ ಮಾಡಿ ತೋರಿಸಿದರು. ಅದು ಉದಾಹರಣೆಯ ಲೆಕ್ಕ, ನಮ್ಮ ಅಂಕಿ ಅಲ್ಲ. ನೂರು ಹಾಳೆ ಇದೆ ಅಂದ್ಕೊಳ್ಳಿ. 60 ಪೂರ್ತಿ ತುಂಬಿವೆ, ಅದರಲ್ಲಿ 6 ಜನರದ್ದು ಇಳಿದಿದೆ. ನಾವು ನೂರಕ್ಕೆ 10 ಅಂತ ಬರೀತೀವಿ. ಉಳಿದ 40 ಹಾಳೆಯಲ್ಲಿ ಒಬ್ಬರದ್ದೂ ಇಳಿದಿಲ್ಲ ಅಂದ್ಕೊಂಡರೆ ನೂರಕ್ಕೆ 6. ಅಷ್ಟೂ ಜನರದ್ದು ಇಳಿದಿದೆ ಅಂದ್ಕೊಂಡರೆ ನೂರಕ್ಕೆ 46. ಆರಕ್ಕೂ ನಲವತ್ತಾರಕ್ಕೂ ನಡುವೆ ಎಲ್ಲೋ ಸತ್ಯ ಇದೆ. ನಾವು ಹತ್ತು ಅಂತ ಗಟ್ಟಿಯಾಗಿ ಹೇಳಿ ಪೇಡೆ ತಿನ್ನೋಕೆ ಹೊರಟಿದ್ದೆವು.

ಖಾಲಿ ಇದ್ದಲ್ಲಿ ಸರಾಸರಿ ತುಂಬಿಸಿದರೆ ಆಗಲ್ವಾ ಅಂತ ಒಬ್ಬ ಇಂಟರ್ನ್ ಕೇಳಿದ. ಸಂಖ್ಯಾಶಾಸ್ತ್ರದಲ್ಲಿ ಅದಕ್ಕಿಂತ ಒಳ್ಳೆಯ ವಿಧಾನಗಳೂ ಇವೆ, ಆದರೆ ಬಹುತೇಕ ಎಲ್ಲದಕ್ಕೂ ಒಂದು ಷರತ್ತು ಇರುತ್ತೆ: ಏಕೆ ಖಾಲಿ ಉಳಿಯಿತು ಅನ್ನೋದನ್ನು ತುಂಬಿದ ಕಾಲಂಗಳಿಂದಲೇ ಊಹಿಸೋಕೆ ಆಗಬೇಕು. ನನ್ನ ಹಾಳೆಯನ್ನು ನೋಡಿ. ತುಂಬಿದ ಅಂಕಿ 97, 97, 96. ಯಾವ ಜಾಣ ಯಂತ್ರಕ್ಕೆ ಕೊಟ್ಟರೂ ನಡುವೆ 97 ಅಂತಲೇ ತುಂಬುತ್ತೆ. 71 ಅಂತ ಯಾವುದೂ ತುಂಬಲ್ಲ.

ಹಾಗಾದರೆ ಆ ನಲವತ್ತು ನಿಮಿಷ ಎಲ್ಲಿ ಸಿಗುತ್ತೆ? ಮಾನಿಟರ್‌ನಲ್ಲೇ. ನಮ್ಮ ಮಾನಿಟರ್ ಕೆಲವು ದಿನದ ಅಂಕಿಗಳನ್ನು ತನ್ನೊಳಗೆ ಇಟ್ಟುಕೊಂಡಿರುತ್ತೆ, ಹೊಸದು ಬಂದ ಹಾಗೆ ಹಳೆಯದನ್ನು ಅಳಿಸುತ್ತಾ ಹೋಗುತ್ತೆ. ನನ್ನ ರಾತ್ರಿಯದು ಯಾವತ್ತೋ ಅಳಿಸಿ ಹೋಗಿತ್ತು. ಅದಕ್ಕೇ ಮುಂದಿನ ಟ್ರಿಪ್‌ಗಳಿಂದ ಶುರು ಮಾಡಿದೆವು. ಪ್ರತಿ ಟ್ರಿಪ್ ಮುಗಿದ ಮೇಲೆ ಮಾನಿಟರಿನ ಟ್ರೆಂಡ್, ಅಂದರೆ ಅದು ಉಳಿಸಿಟ್ಟ ಅಂಕಿಗಳ ಪಟ್ಟಿ, ತೆಗೆದು ಹಾಳೆ ಪಕ್ಕ ಇಟ್ಟು ನೋಡೋದು.

ಮೊದಲ ಅಡಚಣೆ ಗಡಿಯಾರ. ಮಾನಿಟರ್ ಪ್ರಕಾರ ರೋಗಿ ಹುಬ್ಬಳ್ಳಿ ತಲುಪಿದ ಮೇಲೆ ಗದಗ ಬಿಟ್ಟಿದ್ದ! ಮಾನಿಟರಿನ ಸಮಯ ಒಂದು, ನಮ್ಮ ಫೋನಿಂದು ಒಂದು, ಗಾಡಿಯ ಜಿಪಿಎಸ್‌ದು ಒಂದು, ಕಳಿಸಿದ ಆಸ್ಪತ್ರೆಯ ಗೋಡೆ ಗಡಿಯಾರ ಇನ್ನೊಂದು. ರೆಫರಲ್ ಚೀಟಿಯಲ್ಲಿ ಬರೆದಿರೋದು ಆ ಗೋಡೆ ಗಡಿಯಾರದ ಸಮಯ. ಇಂಟರ್ನ್‌ಗಳು ಸಾಫ್ಟ್‌ವೇರ್‌ನಲ್ಲಿ ಸರಿಪಡಿಸೋ ದಾರಿ ಹುಡುಕುತ್ತಾ ಒಂದು ವಾರ ಕಳೆದರು. ಕಡೆಗೆ ಕೆಲಸಕ್ಕೆ ಬಂದದ್ದು ಕಾಕಾ ಹೇಳಿದ ಉಪಾಯ: ಪಾಳಿ ಶುರುವಾದಾಗ ಮಾನಿಟರಿನ ಗಡಿಯಾರದ ಫೋಟೋ ಫೋನಿನಲ್ಲಿ ಹೊಡೆಯೋದು. ಫೋಟೋದಲ್ಲಿ ಮಾನಿಟರ್ ಸಮಯ, ಫೋಟೋ ಮೇಲೆ ಫೋನ್ ಸಮಯ. ವ್ಯತ್ಯಾಸ ಕಳೆದರೆ ಮುಗೀತು. ಖರ್ಚು ಸೊನ್ನೆ.

ಗಡಿಯಾರ ಸರಿಹೋದ ಮೇಲೆ ಹಾಳೆ ಮತ್ತು ಟ್ರೆಂಡ್ ಅಕ್ಕಪಕ್ಕ ಕೂತವು. ಅಂಕಿ ಅಂಶ ಇಲ್ಲಿ ಕೊಡಲ್ಲ, ವರದಿ ಇನ್ನೂ ಕಾಲೇಜಿನ ಸಮಿತಿ ಮುಂದಿದೆ. ಆದರೆ ಕಂಡದ್ದು ನಾವು ಹೆದರಿದ್ದೇ. ಸಾಲು ಖಾಲಿ ಇದ್ದ ಹೊತ್ತು ಮತ್ತು ಸ್ಯಾಚುರೇಷನ್ ಬಿದ್ದ ಹೊತ್ತು ಮತ್ತೆ ಮತ್ತೆ ಒಂದೇ ಕಡೆ ಬರುತ್ತಿದ್ದವು. ಎಲ್ಲ ಖಾಲಿಗೂ ಇದೇ ಕಾರಣ ಅಲ್ಲ. ಕೆಲವು ಕಡೆ ರಸ್ತೆ ಕುಲುಕಾಟಕ್ಕೆ ಬೆರಳಿಗೆ ಹಾಕಿ ಸ್ಯಾಚುರೇಷನ್ ಅಳೆಯುವ ಪ್ರೋಬ್ ಸಿಗ್ನಲ್ ಕಳ್ಕೊಂಡಿತ್ತು, ಕೆಲವು ಕಡೆ ಬಿಪಿ ಬಿದ್ದು ಬೆರಳು ತಣ್ಣಗಾಗಿ ಪ್ರೋಬ್ ಏನೂ ಹಿಡಿದಿರಲಿಲ್ಲ. ಇನ್ನು ಕೆಲವು ಸುಮ್ನೆ ಸೋಮಾರಿತನ, ಅದನ್ನೂ ಒಪ್ಪಿಕೊಳ್ಳಬೇಕು.

ತುಂಬಿದ ಕಾಲಂಗಳೂ ಸಾಚಾ ಅಂತ ಅಲ್ಲ. ಬಿಪಿ ಕಾಲಂ ನೋಡಿ. ಮಾನಿಟರಿನ ಪಟ್ಟಿ ಬಿಪಿ 117/73, 124/81 ಅಂತ ತೋರಿಸುತ್ತೆ, ಕೊನೆಯ ಅಂಕಿ ಸೊನ್ನೆಯಿಂದ ಒಂಬತ್ತರವರೆಗೆ ಏನು ಬೇಕಾದರೂ ಬರಬಹುದು, ಸುಮಾರು ಹತ್ತರಲ್ಲಿ ಒಂದು ಸಲ ಸೊನ್ನೆ ಬರಬೇಕು. ನಮ್ಮ ಹಾಳೆಗಳಲ್ಲಿ 120/80, 110/70, 120/80. ಸೊನ್ನೆಗಳ ಜಾತ್ರೆ. ಆಮೇಲೆ ಕೂತು ನೆನಪಿಂದ ಬರೆದದ್ದು ಯಾವುದು, ನೋಡಿ ಬರೆದದ್ದು ಯಾವುದು ಅಂತ ಕೊನೆಯ ಅಂಕಿಯೇ ಚಾಡಿ ಹೇಳುತ್ತೆ. ಒಂದೂ ಖಾಲಿ ಇಲ್ಲದ ಕಾಲಂ ಯಾವುದು ಗೊತ್ತಾ? ಕಿಲೋಮೀಟರ್ ಮತ್ತು ಆಕ್ಸಿಜನ್. ಯಾಕಂದರೆ ಅವೆರಡೂ ಬಿಲ್‌ಗೆ ಹೋಗುತ್ತವೆ.

ಹಾಳೆ ಬದಿಗಿಟ್ಟು ಎಕ್ಸೆಲ್ ಕಡೆ ನೋಡಿದರೆ ಅಲ್ಲೂ ಇದೇ ಕಥೆ. ಗ್ಲಾಸ್ಗೋ ಕೋಮಾ ಸ್ಕೇಲ್ ಅಂತ ಒಂದು ಲೆಕ್ಕ ಇದೆ, 1974ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಮಾಡಿದ್ದು. ಕಣ್ಣು, ಮಾತು, ಕೈಕಾಲು ಮೂರಕ್ಕೂ ಅಂಕ ಕೊಟ್ಟು 3ರಿಂದ 15ರೊಳಗೆ ಬರೆಯೋದು. ಟ್ಯೂಬ್ ಇದ್ದವರು ಮಾತಾಡೋಕೆ ಆಗಲ್ಲ, ಅದಕ್ಕೆ ಮಾತಿನ ಅಂಕದ ಜಾಗದಲ್ಲಿ ಟಿ ಅಂತ ಬರೀತೀವಿ. ಎಕ್ಸೆಲ್‌ನಲ್ಲಿ ಆ ಕಾಲಂ ಅಂಕಿ ಮಾತ್ರ ತಗೊಳ್ಳೋ ಹಾಗೆ ಇಟ್ಟಿದ್ದರು. ಸರಿಯಾಗಿ ಬರೆದವರ ಹಾಳೆ "ತಪ್ಪು ನಮೂದು" ಅಂತ ಹೊರಗೆ ಹೋಯ್ತು, ಟ್ಯೂಬ್ ಇದ್ದರೂ ಕಣ್ಣು ಮುಚ್ಚಿ 15 ಅಂತ ಬರೆದವರ ಹಾಳೆ ಒಳಗೆ ಉಳೀತು. ನಗು ಬಂತು, ಆಮೇಲೆ ಬೇಜಾರಾಯ್ತು.

ಅಮೆರಿಕದಲ್ಲಿ ನೆಮ್ಸಿಸ್ ಅಂತ ಆಂಬುಲೆನ್ಸ್ ದಾಖಲೆಗಳ ರಾಷ್ಟ್ರೀಯ ವ್ಯವಸ್ಥೆ ಇದೆ. ಅದರಲ್ಲಿ "ಬರೆದಿಲ್ಲ" ಬೇರೆ, "ಈ ರೋಗಿಗೆ ಅನ್ವಯಿಸಲ್ಲ" ಬೇರೆ, ಪ್ರತಿಯೊಂದಕ್ಕೂ ಅದರದೇ ಸಂಕೇತ. ನಮ್ಮಲ್ಲಿ ಎಲ್ಲದಕ್ಕೂ ಒಂದೇ ಖಾಲಿ ಚೌಕ.

ಇನ್ನೊಂದು ಬಲೆಗೆ ನಾವು ಬಿದ್ದೇ ಬಿಟ್ಟಿದ್ದೆವು. ಕೆಲವು ಟ್ರಿಪ್‌ಗಳಲ್ಲಿ ಡಾಕ್ಟರೇ ಜೊತೆ ಬರ್ತಾರೆ. ಹಾಳೆ ಲೆಕ್ಕ ಹಾಕಿದರೆ ಡಾಕ್ಟರ್ ಬಂದ ಟ್ರಿಪ್‌ನ ರೋಗಿಗಳು ಜಾಸ್ತಿ ಸತ್ತಿದ್ದಾರೆ! ಆಸ್ಪತ್ರೆಯ ಮ್ಯಾನೇಜರಿಗೆ ಇದನ್ನು ನೋಡಿ ಖುಷಿಯೋ ಖುಷಿ, ಡಾಕ್ಟರ್ ಭತ್ಯೆ ಉಳೀತು ಅಂತ. ಛತ್ರಿ ಬಿಚ್ಚಿದ್ದಕ್ಕೆ ಮಳೆ ಬಂತು ಅಂದ ಹಾಗಾಯ್ತು. ಹಾವೇರಿಯಿಂದ ಫೋನ್ ಬರುತ್ತೆ, ಬಿಪಿ ನಿಲ್ತಾ ಇಲ್ಲ, ಎರಡು ಪಂಪ್ ಓಡ್ತಾ ಇವೆ ಅಂತಾರೆ, ಅಂಥದ್ದಕ್ಕೆ ತಾನೇ ಡಾಕ್ಟರನ್ನು ಕಳಿಸೋದು? ಹೊರಡುವ ಮೊದಲು ರೋಗಿ ಎಷ್ಟು ಕೆಟ್ಟಿದ್ದ ಅನ್ನೋದನ್ನು ಲೆಕ್ಕಕ್ಕೆ ತಗೊಂಡು ಹೋಲಿಸಬೇಕು. ಅದಕ್ಕೆ ಬೇಕಾದ ಅಂಕಿ ಯಾವುದು? ಮೊದಲ ಬಿಪಿ, ಗ್ಲಾಸ್ಗೋ ಅಂಕ, ಎಷ್ಟು ಪಂಪ್. ಅತಿ ಕೆಟ್ಟ ರೋಗಿಗಳಲ್ಲಿ ಖಾಲಿ ಉಳಿದಿರೋದು ಅವೇ. ಸುತ್ತಿ ಸುತ್ತಿ ಅಲ್ಲಿಗೇ ಬಂದು ನಿಂತೆವು. ಮೇಡಂ ಆ ಹೋಲಿಕೆಯನ್ನೇ ವರದಿಯಿಂದ ತೆಗೆದರು. ನನ್ನ ಪ್ರಕಾರ ಇಡೀ ಅಧ್ಯಯನದಲ್ಲಿ ಅವರು ಮಾಡಿದ ಅತಿ ಒಳ್ಳೆಯ ಕೆಲಸ ಅದು.

ಆಮೇಲೆ ಆ ರೋಗಿಗಳು ಏನಾದರು ಅಂತ ತಿಳಿಯಬೇಕಲ್ಲ. ನಮ್ಮ ಹಾಳೆಯನ್ನು ಆಸ್ಪತ್ರೆಯ ಕೇಸ್ ಶೀಟ್ ಜೊತೆ ಜೋಡಿಸಬೇಕು. ಹೆಸರಿನಿಂದ ಜೋಡಿಸೋಣ ಅಂದರೆ ನಮ್ಮಲ್ಲಿ ಈರಪ್ಪ ಅಂತ ಬರೆದದ್ದು ಅಲ್ಲಿ ವೀರಪ್ಪ, ಬಸವ್ವ ಅಂತ ಇದ್ದದ್ದು ಬಸಮ್ಮ. ಅಡ್ಡಹೆಸರು ಒಮ್ಮೆ ಇರುತ್ತೆ, ಒಮ್ಮೆ ಇರಲ್ಲ. ವಯಸ್ಸು ಕೇಳಿದರೆ ಮನೆಯವರು "ನಲವತ್ತೋ ನಲವತ್ತೈದೋ ಆಗಿರ್ಬೇಕ್ರೀ" ಅಂತಾರೆ, ನಮ್ಮ ಹಾಳೆಯಲ್ಲಿ 40, ಅಲ್ಲಿ 45. ಸರ್ಕಾರದ ಆರೋಗ್ಯ ಖಾತೆಯ ಹದಿನಾಲ್ಕು ಅಂಕಿಯ ಆಭಾ ಸಂಖ್ಯೆ ಎಲ್ಲರ ಹತ್ತಿರ ಇದ್ದು, ಎಲ್ಲರೂ ಬರೆದಿದ್ದರೆ ಈ ತಲೆನೋವು ಇರ್ತಿರಲಿಲ್ಲ. ರಾತ್ರಿ ಎರಡು ಗಂಟೆಗೆ, ಅಳ್ತಾ ಇರೋ ಮನೆಯವರ ಹತ್ತಿರ ಆಭಾ ಕೇಳೋ ಧೈರ್ಯ ನನಗಂತೂ ಇಲ್ಲ. ಕಡೆಗೆ ದಿನ, ತಲುಪಿದ ಸಮಯದ ಆಚೀಚೆ ಒಂದು ಗಂಟೆ, ಗಂಡೋ ಹೆಣ್ಣೋ, ಕಳಿಸಿದ ಊರು, ಇಷ್ಟನ್ನು ಸೇರಿಸಿ ಹುಡುಕಿದೆವು. ಬಹಳಷ್ಟು ಸಿಕ್ಕವು. ಸಿಗದೇ ಉಳಿದವರು ಯಾರು ಅಂತ ಮೇಡಂ ಪಟ್ಟಿ ಮಾಡಿಸಿದರು. ಅಪಘಾತದಲ್ಲಿ ಸಿಕ್ಕ "ಅಪರಿಚಿತ ಪುರುಷ", ಬೆಡ್ ಇಲ್ಲ ಅಂತ ನಮ್ಮ ಗಾಡಿಯಲ್ಲೇ ಇನ್ನೊಂದು ಆಸ್ಪತ್ರೆಗೆ ತಿರುಗಿದವರು, ಬಂದ ಕೆಲವೇ ಗಂಟೆಯಲ್ಲಿ ದುಡ್ಡಿಲ್ಲ ಅಂತ ಸಹಿ ಮಾಡಿ ಮನೆಗೆ ಕರ್ಕೊಂಡು ಹೋದವರು. ಇವರ ಕಡೆ ಯಾವ ದಾಖಲೆಯೂ ನೆಟ್ಟಗೆ ಕೈಗೆ ಸಿಗಲ್ಲ. ಬಿಟ್ಟರೆ ಮತ್ತೆ ಅದೇ ತಪ್ಪು. ದಿನನಿತ್ಯದ ಕೆಲಸಕ್ಕಾಗಿ ಬರೆದ ದಾಖಲೆಯನ್ನು ಸಂಶೋಧನೆಗೆ ಬಳಸುವವರಿಗೆ 2015ರಲ್ಲಿ ರೆಕಾರ್ಡ್ ಅನ್ನೋ ಮಾರ್ಗಸೂಚಿ ಬಂದಿದೆ. ಹಾಳೆ ಹೇಗೆ ಆರಿಸಿದಿರಿ, ಹೇಗೆ ಜೋಡಿಸಿದಿರಿ, ಜೋಡಣೆ ಎಷ್ಟು ನಂಬಬಹುದು ಅಂತ ಬಿಚ್ಚಿ ಹೇಳಿ ಅನ್ನುತ್ತೆ ಅದು. ಅದನ್ನು ಮುಂದಿಟ್ಟುಕೊಂಡು, ಸಿಗದವರಿಗಾಗಿಯೇ ವರದಿಯಲ್ಲಿ ಒಂದು ಭಾಗ ಇಟ್ಟಿದ್ದಾರೆ.

ಈಗ ಗುರುತಿನ ವಿಷಯ. ರೋಗಿಗಳ ಒಪ್ಪಿಗೆ ಪಡೆಯದೆ ಹಳೆಯ ಹಾಳೆ ಓದಬಹುದಾ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ, ಗುರುತು ತೆಗೆದ ಹಳೆಯ ದಾಖಲೆಗಳ ಅಧ್ಯಯನಕ್ಕೆ ಒಪ್ಪಿಗೆಯ ವಿನಾಯಿತಿ ಸಿಗಬಹುದು, ಆದರೆ ಅದನ್ನು ಕೊಡೋದು ನೈತಿಕ ಸಮಿತಿ, ನಾವು ನಾವೇ ಕೊಟ್ಟುಕೊಳ್ಳೋ ಹಾಗಿಲ್ಲ. ಸಮಿತಿಯ ಹಿರಿಯರೊಬ್ಬರು ನಮ್ಮ ಎಕ್ಸೆಲ್ ನೋಡಿ, "ಹೆಸರು ತಗದೀರಿ ಸರಿ, ಊರು ಮತ್ತ ತಾರೀಖು ಇಲ್ಲೇ ಐತಲ್ಲ?" ಅಂದರು. ಖರೇನೇ. ರೋಣ ತಾಲೂಕಿನ ಒಂದು ಹಳ್ಳಿ, ಇಂಥ ವಾರ, ವಿಷದ ಕೇಸು, ಹುಬ್ಬಳ್ಳಿಗೆ ಒಯ್ದರು. ಹೆಸರು ಯಾಕೆ ಬೇಕು? ಆ ಹಳ್ಳಿಯ ಚಹಾದಂಗಡಿಯಲ್ಲಿ ಕೂತ ಯಾರು ಬೇಕಾದರೂ ಮನೆ ತೋರಿಸ್ತಾರೆ. ಆ ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಗಳು ಇರಬಹುದು, ಎಂಎಲ್‌ಸಿ (ಪೊಲೀಸ್ ಕೇಸು) ಇನ್ನೂ ನಡೀತಾ ಇರಬಹುದು. ಊರು ತೆಗೆದು ಜಿಲ್ಲೆ ಇಟ್ಟೆವು, ತಾರೀಖು ತೆಗೆದು ಮೂರು ತಿಂಗಳ ಅವಧಿ ಇಟ್ಟೆವು, ವಯಸ್ಸನ್ನು ಹತ್ತು ಹತ್ತು ವರ್ಷದ ಗುಂಪು ಮಾಡಿದೆವು. ಯಾವುದೇ ಕೋಷ್ಟಕದಲ್ಲಿ ಐದಕ್ಕಿಂತ ಕಡಿಮೆ ಜನ ಬಂದರೆ ಪಕ್ಕದ ಗುಂಪಿಗೆ ಸೇರಿಸೋದು. ಮೇಲೆ ನಾನು ವಿವರ ಮುಚ್ಚಿಟ್ಟದ್ದು ಅದಕ್ಕೇ.

ರೋಗಿಯ ಗುರುತಿನ ಬಗ್ಗೆ ಎಲ್ಲರೂ ಮಾತಾಡ್ತಾರೆ, ಹಾಳೆ ಬರೆದವನ ಗುರುತಿನ ಬಗ್ಗೆ ಯಾರೂ ಮಾತಾಡಲ್ಲ. ಒಂದು ದಿನ ಮ್ಯಾನೇಜರ್, ಯಾರ ಹಾಳೆಯಲ್ಲಿ ಎಷ್ಟು ಖಾಲಿ ಅಂತ ಹೆಸರಿನ ಸಮೇತ ಪಟ್ಟಿ ಕೊಡಿ, ಮೆಮೊ ಕೊಡಬೇಕು ಅಂದರು. ಕೊಟ್ಟಿದ್ದರೆ ಮರುದಿನದಿಂದಲೇ ಒಂದು ಸಾಲೂ ಖಾಲಿ ಇರ್ತಿರಲಿಲ್ಲ, ಇಡೀ ರಸ್ತೆ 120/80 ಮತ್ತು 98 ಆಗಿರೋದು. ನಮ್ಮ ಒಬ್ಬ ಹುಡುಗ ನೇರವಾಗಿ ಕೇಳಿದ: "ಪೇಷಂಟ್ ಹಿಡ್ಕೊಳ್ಳೂದೋ, ಪೆನ್ನ ಹಿಡ್ಕೊಳ್ಳೂದೋ, ನೀವ ಹೇಳ್ರಿ ಸರ." ಮೇಡಂ ಕಾನೂನು ಹಿಡಿದು ನಿಂತರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಸಂಶೋಧನೆಗೆ ರಿಯಾಯಿತಿ ಕೊಡುತ್ತೆ, ಆದರೆ ಆ ಮಾಹಿತಿಯಿಂದ ಒಬ್ಬ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ತೀರ್ಮಾನ ತಗೊಳ್ಳಬಾರದು ಅನ್ನೋದು ಷರತ್ತು. ರೋಗಿ ಮಾತ್ರ ಅಲ್ಲ, ಸಿಬ್ಬಂದಿಯೂ ವ್ಯಕ್ತಿಯೇ ಅಲ್ವಾ ಅಂತ ಕೇಳಿದರು. ಪಟ್ಟಿ ಹೋಗಲಿಲ್ಲ. ಸಿಬ್ಬಂದಿ ಹೆಸರಿನ ಜಾಗದಲ್ಲಿ ಸಂಕೇತ, ಅದರ ಕೀಲಿ ಕಾಲೇಜಿನ ಕಪಾಟಿನಲ್ಲಿ.

ಹಾಳೆ ಮಾತ್ರ ಬದಲಾಯ್ತು. ಪ್ರತಿ ಸಾಲಿನ ಕೊನೆಗೆ ಮೂರು ಚಿಕ್ಕ ಚೌಕ ಬಂದವು: ಕೈ ಖಾಲಿ ಇರಲಿಲ್ಲ, ಪ್ರೋಬ್ ಹಿಡಿಯಲಿಲ್ಲ, ಉಪಕರಣ ಇರಲಿಲ್ಲ. ಜೊತೆಗೆ ಒಂದು ಕಾಲಂ: ದಾರಿಯಲ್ಲಿ ಕಂಡ ಅತಿ ಕಡಿಮೆ ಸ್ಯಾಚುರೇಷನ್, ಸಮಯ ನೆನಪಿಲ್ಲದಿದ್ದರೂ ಪರವಾಗಿಲ್ಲ. ಇದು ನನ್ನ ಹಟಕ್ಕೆ ಬಂದ ಕಾಲಂ. ಅವತ್ತು ಇದ್ದಿದ್ದರೆ ನನ್ನ 71ಕ್ಕೆ ಒಂದು ಜಾಗ ಸಿಕ್ತಿತ್ತು.

ಹೊಸ ಹಾಳೆ ಬಂದ ಮೊದಲ ತಿಂಗಳೇ ಸ್ಯಾಚುರೇಷನ್ ಬಿದ್ದ ಕೇಸುಗಳು ಎದ್ದು ಕಾಣುವಷ್ಟು ಏರಿದವು. ಮ್ಯಾನೇಜರ್ ಗಾಬರಿಯಾಗಿ, ನಿಮ್ಮ ಕೆಲಸ ಇದ್ದಕ್ಕಿದ್ದ ಹಾಗೆ ಯಾಕೆ ಕೆಟ್ಟಿತು ಅಂತ ಫೋನ್ ಮಾಡಿದರು. ಕೆಟ್ಟಿಲ್ಲ ಸರ್, ಈಗ ಬರೀತಾ ಇದ್ದೀವಿ ಅಂತ ತಿಳಿಸಿ ಹೇಳೋಕೆ ಮೇಡಂಗೆ ಎರಡು ಮೀಟಿಂಗ್ ಬೇಕಾಯ್ತು. ಆ ಅಂಕಿಗಳನ್ನು ತೋರಿಸಿಯೇ ನಮಗೆ ಒಂದು ಲಾಭವೂ ಆಯ್ತು: ಟ್ಯೂಬ್ ಕೇಸ್ ಅಂದರೆ ಈಗ ಹಿಂದೆ ಮೂರು ಜನ, ಸಕ್ಷನ್ ಯಂತ್ರ ತಲೆ ಕಡೆಗೇ, ಕೈಗೆ ಸಿಗುವಷ್ಟು ಹತ್ತಿರ.

ಚೌಕಗಳೂ ಪೂರ್ತಿ ಸಾಚಾ ಉಳಿದಿಲ್ಲ. ನಮ್ಮಲ್ಲೇ ಒಬ್ಬ ಎಲ್ಲ ಸಾಲಿಗೂ "ಕೈ ಖಾಲಿ ಇರಲಿಲ್ಲ" ಅಂತ ಗುರುತು ಹಾಕಿ ಕೊಡ್ತಾನೆ, ಡೆಂಗಿಯಿಂದ ಚೇತರಿಸಿಕೊಂಡು ಕೂತು ಮಾತಾಡುತ್ತಾ ಬಂದ ರೋಗಿಗೂ. ಮಾನಿಟರಿನ ಟ್ರೆಂಡ್ ಪಕ್ಕ ಇಟ್ಟರೆ ಗೊತ್ತಾಗುತ್ತೆ. ಎರಡನೇ ಗಾಡಿಯ ಮಾನಿಟರ್ ಹಳೆಯದು, ಅದರಿಂದ ಟ್ರೆಂಡ್ ಹೊರಗೆ ತೆಗೆಯೋಕೆ ಕೇಬಲ್ ಬೇಕು, ಕೇಬಲ್‌ಗೆ ಕೊಟ್ಟ ಅರ್ಜಿ ಇನ್ನೂ ಆಫೀಸಿನ ಮೇಜಿನ ಮೇಲೇ ಇದೆ. ಅಲ್ಲಿಯವರೆಗೆ ಹೊಸ ಹುಡುಗ ಪ್ರತಿ ಟ್ರಿಪ್ ಮುಗಿದ ಮೇಲೆ ಅದರ ಪರದೆಯ ಫೋಟೋ ಹೊಡೀತಾನೆ, ಪುಟ ಪುಟ ತಿರುಗಿಸಿ.